ಕಟ್ಟಿದ ಮನೆ, ಕಟ್ಟದ ಮನೆ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದು ನಮ್ಮ ಹಿರಿಯರು ಹೇಳಿದರೇ ಹೊರತು 'ಮನೆ ಕೊಂಡು ನೋಡು' ಎಂದು ಹೇಳಲಿಲ್ಲ. ಅವರ ಕಾಲಕ್ಕೆ ಮನೆಯೆಂದರೆ ಕಟ್ಟುವುದು, ಇಲ್ಲವೇ ವಾಟಣಿಯಲ್ಲಿ ಬರುವುದು. ಸಂತೆಯಲ್ಲಿ ಎತ್ತು ಕೊಂಡಂತೆ ಮನೆ ಕೊಳ್ಳುವವರು ಅಪರೂಪ. ಮನೆ ಮಾರುವವರನ್ನು ಕಂಡರೆ ಊರೇ ಅಯ್ಯೋ ಎನ್ನುತ್ತಿತ್ತು. ಹೀಗಿರುವಾಗ ಇನ್ನೂ ಪಾಯವನ್ನೇ ತೋಡದ ಮನೆಗೆ ಯಾರಾದರೂ ದುಡ್ಡು ಕೊಡುತ್ತಾರೆಂದರೆ, ಹುಟ್ಟದ ಕೂಸಿಗೆ ಕುಲಾವಿ ಹೊಲಿಸಿದ ಹಾಗಾಯಿತು ಎಂದು ನಕ್ಕುಬಿಡುತ್ತಿದ್ದರು.

ಈಗ ಯಾರೂ ನಗುವುದಿಲ್ಲ. ವಿಜಯಪುರದಿಂದ ಅಥಣಿ ರಸ್ತೆ ಹಿಡಿದು ತಿಕೋಟಾ ಕಡೆಗೆ ಹೊರಟರೆ, ಇಲ್ಲವೆ ಜಮಖಂಡಿ ರಸ್ತೆಯಲ್ಲಿ ಬಬಲೇಶ್ವರದ ಕಡೆ ಹೋದರೆ, ನಿನ್ನೆಯವರೆಗೆ ಜೋಳ, ಕಡಲೆ ಬೆಳೆಯುತ್ತಿದ್ದ ಹೊಲಗಳಲ್ಲಿ ಸುಣ್ಣದ ಗೆರೆ ಎಳೆದು ಕಲ್ಲು ನೆಟ್ಟಿರುವುದು ಕಾಣುತ್ತದೆ. ಬೋರ್ಡಿನ ಮೇಲೆ ಚೆಂದದ ಮನೆಯ ಚಿತ್ರ, ಮನೆಯ ಮುಂದೆ ಹಸಿರು ಹುಲ್ಲು, ಹುಲ್ಲಿನ ಮೇಲೆ ಆಡುವ ಮಕ್ಕಳು. ಬೋರ್ಡಿನ ಹಿಂದೆ ಎರೆ ಹೊಲ. ಕುಂಕುಮಕ್ಕೆ ಸೇರಿದ ಹೆಂಗಸರ ಮಾತೂ ಈಗ ಹೆಚ್ಚಾಗಿ ಇದರ ಮೇಲೆಯೇ. ಕೈಯಲ್ಲಿರುವ ನಾಲ್ಕು ಕಾಸನ್ನು ಕಟ್ಟಲಿರುವ ಹೊಸ ಮನೆಗೆ ಹಾಕುವುದೋ, ಕಟ್ಟಿ ನಿಂತ ಹಳೆಯ ಮನೆಗೆ ಹಾಕುವುದೋ?

ತಿಕೋಟಾದಲ್ಲಿರುವ ನನ್ನ ನಾದಿನಿ ಕಳೆದ ವರ್ಷ ಇದೇ ಪ್ರಶ್ನೆಯನ್ನು ನನ್ನ ಮುಂದಿಟ್ಟಳು. ಅವರದು ದ್ರಾಕ್ಷಿ ತೋಟ. ಒಣದ್ರಾಕ್ಷಿಗೆ ಒಳ್ಳೆಯ ದರ ಸಿಕ್ಕ ವರ್ಷ ನಾಲ್ಕು ಕಾಸು ಉಳಿದಿತ್ತು. ಜೊತೆಗೆ ಅವಳ ತವರಿನ ಬೋರಮಾಳ, ಪಾಟ್ಲಿ. ಮಗಳ ಕಾಲೇಜಿಗಾಗಿ ವಿಜಯಪುರದಲ್ಲೊಂದು ಮನೆ ಬೇಕು, ಮುಂದೆ ಅದೇ ಅವಳಿಗೊಂದು ಆಧಾರವೂ ಆಗಬೇಕು ಎಂಬುದು ಅವಳ ಲೆಕ್ಕ. "ವೈನಿ, ಹೊಸಾದ್ರ ಅಗ್ಗ ಹೇಳ್ತಾರ, ಆದ್ರ ಮನೀನ ಕಟ್ಟಿಲ್ಲ. ಹಳೇದು ಕಣ್ಣಿಗೆ ಕಾಣತೈತಿ, ಆದ್ರ ತುಟ್ಟಿ. ನೀವು ಇತಿಹಾಸ ಕಲಿಸಿದವ್ರು, ಏನಂತೀರಿ ಹೇಳ್ರಿ" ಎಂದಳು. ಇತಿಹಾಸಕ್ಕೂ ಪ್ಲಾಟಿಗೂ ಏನು ಸಂಬಂಧ ಎಂದು ಮೊದಲು ಅನಿಸಿದರೂ, ಯೋಚಿಸುತ್ತ ಹೋದಂತೆ ಈ ಊರಿನ ಇತಿಹಾಸದ ತುಂಬ ಇದೇ ಪ್ರಶ್ನೆ ಇದೆ ಎಂದು ತೋರಿತು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

ನಾದಿನಿ ಬಸ್ಸಿನಲ್ಲಿ ಓಡಾಡುವ ಅದೇ ಅಥಣಿ ರಸ್ತೆಯಲ್ಲಿ, ಊರಿನಿಂದ ಆರೇಳು ಕಿಲೋಮೀಟರ್ ದೂರಕ್ಕೆ ತೊರವೆ ಇದೆ. ನರಸಿಂಹನ ಗುಡಿಯ ತೊರವೆ, ಕುಮಾರ ವಾಲ್ಮೀಕಿಯ ತೊರವೆ. ಅದರ ಪಕ್ಕದಲ್ಲೇ ಹಾಳುಬಿದ್ದ ಅರಮನೆ, ಅರ್ಧಕ್ಕೆ ನಿಂತ ಕೋಟೆಗೋಡೆ. ಅದು ನವರಸಪುರ. 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲಶಾಹ 1599ರಲ್ಲಿ ಇಲ್ಲಿ ಹೊಸ ನಗರವೊಂದನ್ನು ಕಟ್ಟಲು ಕೈಹಾಕಿದ. ಅವನು ಸಂಗೀತಪ್ರೇಮಿ. 'ನವರಸ' ಎಂಬ ಶಬ್ದದ ಮೇಲೆ ಅವನಿಗೆ ಎಷ್ಟು ಮೋಹವೆಂದರೆ ತಾನು ರಚಿಸಿದ ಗೀತೆಗಳ ಗ್ರಂಥಕ್ಕೂ ಅದೇ ಹೆಸರು, ಹೊಸ ಊರಿಗೂ ಅದೇ ಹೆಸರು. ಸಾವಿರಾರು ಕೆಲಸಗಾರರು ಬಂದರು. ಅಮೀರರಿಗೂ ಸಾಹುಕಾರರಿಗೂ ಅಲ್ಲಿ ಮನೆ ಕಟ್ಟಿಕೊಳ್ಳುವಂತೆ ರಾಜನ ಉತ್ತೇಜನ ಸಿಕ್ಕಿತು. ಇಂದಿನ ಮಾತಿನಲ್ಲಿ ಹೇಳುವುದಾದರೆ ಅದು ಆ ಕಾಲದ ದೊಡ್ಡ ಲೇಔಟು. ಬೋರ್ಡಿನ ಬದಲಿಗೆ ಸಾಕ್ಷಾತ್ ಸುಲ್ತಾನನ ಮಾತೇ ಇತ್ತು.

ಇಪ್ಪತ್ತೈದು ವರ್ಷವಾದರೂ ಊರಿನ ಸುತ್ತಲಿನ ಗೋಡೆ ಪೂರ್ತಿಯಾಗಲಿಲ್ಲ. 1624ರಲ್ಲಿ ಅಹಮದನಗರದ ಮಲಿಕ್ ಅಂಬರ್ ಭಾತವಾಡಿಯ ಯುದ್ಧ ಗೆದ್ದು ಇತ್ತ ನುಗ್ಗಿದ. ನವರಸಪುರ ಲೂಟಿಯಾಯಿತು. ರಾಜನಿಗೆ ಆಸರೆಯಾದದ್ದು ಹಳೆಯ ಬಿಜಾಪುರದ ಹಳೆಯ ಕೋಟೆ. ಹೊಸ ನಗರ ಮತ್ತೆ ಚೇತರಿಸಿಕೊಳ್ಳಲಿಲ್ಲ. ಅಲ್ಲಿ ಮನೆ ಕಟ್ಟಿಸಿದವರ ದುಡ್ಡು ಏನಾಯಿತೆಂದು ಯಾರೂ ಬರೆದಿಟ್ಟಿಲ್ಲ. ಆದರೆ ಹಳೆಯ ಕೋಟೆಯೊಳಗೆ ಹಳೆಯ ಮನೆ ಇಟ್ಟುಕೊಂಡಿದ್ದವರು ಆ ವರ್ಷ ರಾತ್ರಿ ಬಾಗಿಲು ಹಾಕಿಕೊಂಡು ಮಲಗಿರಬೇಕು ಎಂದು ನಾನು ಊಹಿಸಬಲ್ಲೆ. ಇನ್ನೊಂದು ಮಾತೂ ಇದೆ. ತೊರವೆಯ ಕಡೆಯಿಂದ ನೆಲದಡಿಯ ಕಾಲುವೆಯಲ್ಲಿ ಹಳೆಯ ಊರಿಗೆ ನೀರು ಹರಿದು ಬರುತ್ತಿತ್ತು. ಮುಂದೆ 1651ರಲ್ಲಿ ಬೇಗಂ ತಾಲಾಬ ಕಟ್ಟಿಸಿ ಅದರ ನೀರನ್ನೂ ಮಣ್ಣಿನ ಕೊಳವೆಯಲ್ಲಿ ಊರೊಳಗೆ ತಂದರು. ಹೊಸ ಊರು ಬಯಲಲ್ಲಿ ಕಾಯುತ್ತ ನಿಂತಿತು, ನೀರು ಹಳೆಯ ಊರಿನ ಬಾವಡಿಗಳಿಗೆ ಬಂತು. ಮನೆ ನೋಡಲು ಹೋದ ಹೆಂಗಸು ಮೊದಲು ನಳ ತಿರುಗಿಸಿ ನೋಡುತ್ತಾಳಲ್ಲ, ಅದರಲ್ಲಿ ನಾನೂರು ವರ್ಷದ ಬುದ್ಧಿವಂತಿಕೆ ಇದೆ.

ಇದೇ ಊರಿನಲ್ಲಿ ಹೇಳಿದಂತೆ ಕಟ್ಟಿ ಮುಗಿಸಿದ್ದಕ್ಕೂ ಸಾಕ್ಷಿ ಉಂಟು. ಅದೂ ಒಬ್ಬ ಹೆಣ್ಣಿನ ಹೆಸರಿನಲ್ಲಿ. ಊರ ಪಶ್ಚಿಮಕ್ಕಿರುವ ಇಬ್ರಾಹಿಂ ರೋಜಾ ನೋಡದವರಿಲ್ಲ. ಅಲ್ಲಿಯ ಶಾಸನದ ಪ್ರಕಾರ ಅದನ್ನು ಕಟ್ಟಲು ಆಜ್ಞೆ ಕೊಟ್ಟವಳು ರಾಣಿ ತಾಜ್ ಸುಲ್ತಾನಾ, ಕಟ್ಟಿಸಿದವನು ಮಲಿಕ್ ಸಂದಲ್. ಆದ ವೆಚ್ಚ ಒಂದೂವರೆ ಲಕ್ಷ ಹೊನ್ನು, ಅದರ ಮೇಲೆ 900. ಆ ಮೇಲಿನ ಒಂಬೈನೂರನ್ನು ಬಿಡದೆ ಕಲ್ಲಿನಲ್ಲಿ ಕೊರೆಸಿದ್ದು ನನಗೆ ಬಹಳ ಹಿಡಿಸುತ್ತದೆ. ಯಾರು ಹೇಳಿದರು, ಯಾರು ಕಟ್ಟಿದರು, ಎಷ್ಟಾಯಿತು, ಮೂರೂ ಒಂದೇ ಕಡೆ. ಇಂದಿನ ಕರಾರು ಪತ್ರದಲ್ಲಿ ಇರಬೇಕಾದದ್ದೂ ಈ ಮೂರೇ.

ಇನ್ನು ಬಾರಾ ಕಮಾನಿನ ಕತೆ. ಎರಡನೆಯ ಅಲಿ ಆದಿಲಶಾಹ 1656ರಲ್ಲಿ ಪಟ್ಟಕ್ಕೆ ಬಂದ. ಅವನ ತಂದೆ ಮಹಮ್ಮದ ಆದಿಲಶಾಹನದು ಗೋಲಗುಮ್ಮಟ. ಅದನ್ನೂ ಮೀರಿಸುವಂಥ ಗೋರಿ ತನ್ನದಾಗಬೇಕು ಎಂದು ಮಗನ ಹಟ. ಗೋಲಗುಮ್ಮಟದ ಮೇಲೆ ತನ್ನ ಕಟ್ಟಡದ ನೆರಳು ಬೀಳಬೇಕೆಂದು ಅವನು ಬಯಸಿದ್ದನೆಂದು ಊರಲ್ಲಿ ಹೇಳುತ್ತಾರೆ. ಎತ್ತರದ ಜಗಲಿ ಎದ್ದಿತು, ಕರಿಗಲ್ಲಿನ ಕಮಾನುಗಳು ಎದ್ದವು. 1672ರಲ್ಲಿ ರಾಜ ತೀರಿಕೊಂಡ. ಕೆಲಸ ಅಲ್ಲಿಗೇ ನಿಂತಿತು. ಮುಂದೆ ಹದಿನಾಲ್ಕೇ ವರ್ಷಕ್ಕೆ, 1686ರಲ್ಲಿ, ಔರಂಗಜೇಬನಿಗೆ ಊರು ಶರಣಾಯಿತು. ಅಲಿ ಅದೇ ಜಗಲಿಯ ಮೇಲೆ, ಆಕಾಶವೇ ಛಾವಣಿಯಾಗಿ, ಮಲಗಿದ್ದಾನೆ.

ಹೈಸ್ಕೂಲಿನಲ್ಲಿ ಮಕ್ಕಳಿಗೆ ಇದನ್ನು ಕಲಿಸುವಾಗ ಅರಸರ ಮಹತ್ವಾಕಾಂಕ್ಷೆ ಎಂದು ಹೇಳಿ ಮುಂದೆ ಹೋಗುತ್ತಿದ್ದೆವು. ಮನೆ ಕೊಳ್ಳುವವಳ ಕಣ್ಣಿನಿಂದ ನೋಡಿದರೆ ಬೇರೆಯೇ ಕಾಣುತ್ತದೆ. ಕಲ್ಲು ಇತ್ತು, ಕಲ್ಲುಕುಟಿಗರಿದ್ದರು, ಖಜಾನೆ ಇತ್ತು, ಜಾಗ ಇತ್ತು. ಇಲ್ಲದೆ ಹೋದದ್ದು ಕಾಲ. ಕಟ್ಟದ ಮನೆಗೆ ದುಡ್ಡು ಕೊಡುವಾಗ ನಾವು ಕೊಳ್ಳುವುದು ಇಟ್ಟಿಗೆಯನ್ನಲ್ಲ, ಕಟ್ಟುವವನ ಮುಂದಿನ ಮೂರು ನಾಲ್ಕು ವರ್ಷವನ್ನು. ಅವನ ಆರೋಗ್ಯ, ಅವನ ಸಾಲ, ಅವನ ಪಾಲುದಾರರ ಜಗಳ, ಸಿಮೆಂಟು-ಕಬ್ಬಿಣದ ದರ ಎಲ್ಲವೂ ಆ ಬೆಲೆಯಲ್ಲಿ ಸೇರಿರುತ್ತವೆ. ಅಗ್ಗ ಎನ್ನುವುದು ಔದಾರ್ಯವಲ್ಲ. ಆ ವರ್ಷಗಳ ಭಯದಲ್ಲಿ ಅರ್ಧವನ್ನು ನಮ್ಮ ತಲೆಗೆ ಕಟ್ಟಿದ್ದಕ್ಕೆ ಕೊಟ್ಟ ರಿಯಾಯಿತಿ.

ಹಾಗಾದರೆ ಹಳೆಯದೇ ಒಳ್ಳೆಯದೆ? ಅದಕ್ಕೂ ಈ ಊರೇ ಉತ್ತರ ಕೊಡುತ್ತದೆ. 1880ರ ದಶಕದಲ್ಲಿ ಬ್ರಿಟಿಷರು ಜಿಲ್ಲೆಯ ಮುಖ್ಯ ಠಾಣ್ಯವನ್ನು ಕಲಾದಗಿಯಿಂದ ಬಿಜಾಪುರಕ್ಕೆ ತಂದರು. ರೈಲೂ ಅದೇ ದಶಕದಲ್ಲಿ ಬಂತು. ಕಚೇರಿಗಳಿಗೆ ಜಾಗ ಬೇಕಿತ್ತು. ಆ ಸರಕಾರ ಲೆಕ್ಕದ ಸರಕಾರ. ನಿಂತ ಗೋಡೆ ಇರುವಾಗ ಹೊಸದೇಕೆ ಎಂದುಕೊಂಡಿತು. ಚೀನಿ ಮಹಲಿನಲ್ಲಿ ಜಿಲ್ಲಾ ಕಚೇರಿಗಳು ಕೂತವು. ಬುಖಾರಿ ಮಸೀದಿ ಅಂಚೆ ಕಚೇರಿಯಾಯಿತು. ಗೋಲಗುಮ್ಮಟದ ಪಕ್ಕದ ಮಸೀದಿ ಪ್ರವಾಸಿ ಬಂಗಲೆಯಾಯಿತು. ಇನ್ನೂರು ವರ್ಷ ಹಾಳುಬಿದ್ದಿದ್ದ ಊರಿಗೆ ಮತ್ತೆ ದೀಪ ಹತ್ತಿದ್ದು ಹೀಗೆ ಹಳೆಯ ಕಟ್ಟಡಗಳಲ್ಲಿ.

ಆದರೆ ಹಳೆಯ ಮನೆಗೆ ಹಳೆಯ ಹಕ್ಕುಗಳಿರುತ್ತವೆ. ಮಸೀದಿ ಅಂಚೆ ಕಚೇರಿಯಾದರೂ ಮಸೀದಿಯೇ. 1900ರಲ್ಲಿ ವೈಸರಾಯ್ ಲಾರ್ಡ್ ಕರ್ಜನ್ ಬಿಜಾಪುರಕ್ಕೆ ಬಂದು ನೋಡಿ ಬೇಸರಪಟ್ಟ. ಅಂಚೆ ಕಚೇರಿ, ಸರಕಾರಿ ದಫ್ತರು, ಪ್ರವಾಸಿ ಬಂಗಲೆ ಎಲ್ಲವೂ ಮಸೀದಿಗಳಿಂದ ಹೊರಬೀಳಬೇಕಾಯಿತು. 1904ರಲ್ಲಿ ಪ್ರಾಚೀನ ಸ್ಮಾರಕಗಳ ರಕ್ಷಣೆಗೆ ಕಾಯಿದೆಯೇ ಬಂತು. ಸರಕಾರಕ್ಕೇ ಹೀಗಾದರೆ ನಮ್ಮ ನಿಮ್ಮ ಪಾಡೇನು? ಕಟ್ಟದ ಮನೆಯಲ್ಲಿ ನಾಳೆಯ ಭಯ, ಕಟ್ಟಿದ ಮನೆಯಲ್ಲಿ ನಿನ್ನೆಯ ಭಯ.

ನಿನ್ನೆಯ ಭಯ ಏನೆಂಬುದನ್ನು ಬಬಲೇಶ್ವರದ ನಮ್ಮ ಸೋದರತ್ತೆಯ ಮನೆಯ ಓಣಿಯಲ್ಲಿ ಕಂಡಿದ್ದೇನೆ. ಆ ಕಡೆಯ ಹಳೆಯ ಮನೆಗಳೆಂದರೆ ಕಲ್ಲು-ಮಣ್ಣಿನ ದಪ್ಪ ಗೋಡೆ, ಕಟ್ಟಿಗೆಯ ಕಂಬ, ತೊಲೆ, ಜಂತಿ, ಮೇಲೆ ಹಾಳುಮಣ್ಣಿನ ಮಾಳಿಗೆ, ನಡುವೆ ಒಂದು ಬೆಳಕಿಂಡಿ. ಮೇ ತಿಂಗಳ ಬಿಸಿಲಿಗೂ ಒಳಗೆ ತಂಪು. ಅಂಥ ಮನೆ ಒಂದೇ ಸಲಕ್ಕೆ ಆದದ್ದಲ್ಲ. ಒಳ್ಳೆಯ ಬೆಳೆ ಬಂದ ವರ್ಷ ಪಡಸಾಲೆ, ಮಗನ ಮದುವೆಯ ವರ್ಷ ಒಂದು ಕೋಣೆ, ಹೀಗೆ ಎರಡು ತಲೆಮಾರು ಕಟ್ಟಿದ್ದು. ಪ್ರತಿ ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಮಣ್ಣು ಹೊತ್ತವರು, ದೀಪಾವಳಿಗೆ ಗೋಡೆ ಸಾರಿಸಿದವರು, ಮನೆಯ ಹೆಂಗಸರು. ಆದರೆ ಉತಾರದಲ್ಲಿ ಅವರ ಹೆಸರು ಇರುತ್ತಿರಲಿಲ್ಲ.

ಆ ಓಣಿಯ ಒಂದು ಮನೆ ಮಾರಾಟಕ್ಕೆ ಬಂತು. ಕೊಳ್ಳುವವರು ಸಂಚಕಾರ ಕೊಟ್ಟರು, ಅಣ್ಣತಮ್ಮಂದಿರೆಲ್ಲ ಸಹಿ ಹಾಕಲು ಒಪ್ಪಿದರು. ಖರೀದಿ ಪತ್ರದ ದಿನ ಹತ್ತಿರ ಬಂದಾಗ ಸೊಲ್ಲಾಪುರಕ್ಕೆ ಕೊಟ್ಟಿದ್ದ ತಂಗಿ ಬಂದು "ನನ್ನ ಪಾಲು ಎಲ್ಲೈತಿ?" ಎಂದಳು. ಊರೆಲ್ಲ ಅವಳನ್ನು ಬೈಯಿತು. ನನಗೆ ಮಾತ್ರ ಬೈಯಲು ಆಗಲಿಲ್ಲ. ಕರ್ನಾಟಕದಲ್ಲಿ 1994ರ ಜುಲೈ 30ರಿಂದ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ, ಅದಕ್ಕೆ ಮುಂಚೆ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಗಂಡುಮಕ್ಕಳ ಸಮ ಹಕ್ಕು ಬಂತು. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದು ಮದುವೆಯಾದವರು, ಆಗದವರು ಎಂಬ ಭೇದವೂ ಹೋಯಿತು. 2005ರಲ್ಲಿ ತಂದೆ ಬದುಕಿರಬೇಕೆಂಬ ಷರತ್ತು ಇಲ್ಲ, ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ಕಾನೂನುಬದ್ಧವಾಗಿ ವಾಟಣಿ ಆಗಿಹೋಗಿದ್ದರೆ ಮಾತ್ರ ಬೇರೆ ಮಾತು. ನಮ್ಮ ಊರಿನ ಮುಸ್ಲಿಂ ಕುಟುಂಬಗಳಲ್ಲಂತೂ ಮಗನ ಪಾಲಿನ ಅರ್ಧ ಮಗಳಿಗೆ ಎಂಬುದು ಶರೀಯತ್ತಿನಲ್ಲಿ ಮೊದಲಿನಿಂದಲೂ ಇದೆ.

ಹಳೆಯ ಮನೆಯೊಂದು ಸುತ್ತಲಿನ ದರಕ್ಕಿಂತ ಬಹಳ ಅಗ್ಗಕ್ಕೆ ಸಿಕ್ಕರೆ ನಾವು ಸಂತೋಷಪಡುತ್ತೇವೆ. ಒಮ್ಮೊಮ್ಮೆ ಆ ಅಗ್ಗದೊಳಗೆ ಯಾವುದೋ ಊರಿಗೆ ಮದುವೆಯಾಗಿ ಹೋದ ಹೆಣ್ಣುಮಗಳ ಪಾಲು ಅಡಗಿರುತ್ತದೆ. ಆಕೆಯ ಸಹಿ ಇಲ್ಲದೆ ಕೊಂಡರೆ ನಾಳೆ ಕೋರ್ಟು. ಸಹಿ ಇದ್ದರೂ, ಸೀರೆ ಕುಬಸ ಕೊಟ್ಟು ಹಕ್ಕುಬಿಡುಗಡೆ ಪತ್ರಕ್ಕೆ ಹಾಕಿಸಿಕೊಂಡ ಸಹಿಯಾದರೆ, ಕಾನೂನು ಒಪ್ಪಿದರೂ ಮನಸ್ಸು ಒಪ್ಪುವುದಿಲ್ಲ. ಆ ತಂಗಿಗೆ ಕೊನೆಗೆ ಅಣ್ಣತಮ್ಮಂದಿರು ಪಾಲಿನ ದುಡ್ಡು ಕೊಟ್ಟರು. ಖರೀದಿ ಪತ್ರ ನಾಲ್ಕು ತಿಂಗಳು ತಡವಾಗಿ ಆಯಿತು, ಆದರೆ ಗಟ್ಟಿಯಾಗಿ ಆಯಿತು. ಕೊಂಡವರು ಈಗ ನಿಶ್ಚಿಂತೆಯಿಂದ ಇದ್ದಾರೆ.

ಹಳೆಯದನ್ನು ಬಿಟ್ಟು ಕಟ್ಟದ ಊರಿಗೆ ಹೋಗಲೇಬೇಕಾದವರೂ ನಮ್ಮ ನೆರೆಯಲ್ಲಿದ್ದಾರೆ. 1997ರವರೆಗೆ ಬಾಗಲಕೋಟೆ ನಮ್ಮದೇ ಜಿಲ್ಲೆ. 1964ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬಾಗಲಕೋಟೆಯ ಹಳೆಯ ಓಣಿಗಳಿಗೆ ಬರುವುದು ಗೊತ್ತಿತ್ತು. ಅದಕ್ಕೆಂದೇ ಪಟ್ಟಣಾಭಿವೃದ್ಧಿ ಪ್ರಾಧಿಕಾರ ಹುಟ್ಟಿತು, ನವನಗರ ಹುಟ್ಟಿತು. ಅದರ ವಿನ್ಯಾಸದಲ್ಲಿ ಹೆಸರಾಂತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಕೈ ಇತ್ತು. ಓಣಿಗಳ ಹೆಸರು ಹೋಗಿ ಸೆಕ್ಟರ್ ನಂಬರು ಬಂತು. ಹಳೆಯ ಮನೆಗೆ ಪರಿಹಾರ, ಹೊಸ ಊರಲ್ಲಿ ನಿವೇಶನ. ಕಾಗದದ ಮೇಲೆ ಲೆಕ್ಕ ಸರಿಯಾಗಿತ್ತು. ಆದರೆ ಪರಿಹಾರದ ದುಡ್ಡು ಬಂದ ದಿನಕ್ಕೂ ಹೊಸ ಮನೆಯ ಛಾವಣಿ ಬಿದ್ದ ದಿನಕ್ಕೂ ನಡುವೆ ಕಾಲ ಸರಿಯುತ್ತದೆ. ಆ ನಡುವಿನ ಕಾಲದಲ್ಲಿ ಮದುವೆ ಬರುತ್ತದೆ, ಬೇನೆ ಬರುತ್ತದೆ, ದುಡ್ಡು ಕರಗುತ್ತದೆ. ಕೂಡಲೇ ಕಟ್ಟಿಕೊಂಡವರಿಗೆ ಅಗಲ ರಸ್ತೆಯ ಬದಿಗೆ ಬೆಲೆಬಾಳುವ ಮನೆಯಾಯಿತು. ಕಾಯುತ್ತ ಕೂತವರಿಗೆ ಉಳಿದದ್ದು ಬರೀ ಜಾಗ. ಒಂದೇ ಯೋಜನೆ, ಒಂದೇ ನಕಾಶೆ. ವ್ಯತ್ಯಾಸ ಮಾಡಿದ್ದು ಮತ್ತೆ ಕಾಲವೇ.

ನವರಸಪುರದ ಸಾಹುಕಾರನಿಗಾಗಲಿ ಆಲಮಟ್ಟಿಯ ಸಂತ್ರಸ್ತನಿಗಾಗಲಿ ಇಲ್ಲದ ಒಂದು ಆಸರೆ ಇಂದು ನಮಗಿದೆ. ಕಟ್ಟುವವರು ಹಣ ಪಡೆದು ಮನೆ ಕೊಡದೆ ಸತಾಯಿಸುವುದು ದೇಶದ ತುಂಬ ನಡೆದು, 2016ರಲ್ಲಿ ಸಂಸತ್ತು ರೇರಾ ಎಂಬ ಕಾಯಿದೆ ಮಾಡಿತು. 2017ರ ಮೇ ಒಂದರಿಂದ ಅದು ಪೂರ್ತಿ ಜಾರಿಯಾಯಿತು. ಅದರ ಪ್ರಕಾರ ಯೋಜನೆ ನೋಂದಣಿಯಾಗದೆ ಜಾಹೀರಾತು ಕೊಡುವಂತಿಲ್ಲ, ಮಾರುವಂತಿಲ್ಲ. ನೋಂದಾಯಿತ ಕರಾರು ಇಲ್ಲದೆ ಬೆಲೆಯ ನೂರಕ್ಕೆ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಕೊಂಡವರಿಂದ ಬಂದ ಹಣದಲ್ಲಿ ನೂರಕ್ಕೆ 70ನ್ನು ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿಟ್ಟು ಅದೇ ಯೋಜನೆಯ ಜಾಗಕ್ಕೂ ಕಟ್ಟಡಕ್ಕೂ ಬಳಸಬೇಕು. ಹೇಳಿದ ದಿನಕ್ಕೆ ಕೊಡದಿದ್ದರೆ ಬಡ್ಡಿಸಹಿತ ಹಣ ವಾಪಸು ಕೇಳಬಹುದು, ಇಲ್ಲವೆ ತಡವಾದ ತಿಂಗಳು ತಿಂಗಳಿಗೆ ಬಡ್ಡಿ ಪಡೆದು ಮನೆಗೆ ಕಾಯಬಹುದು. ಒಪ್ಪಿಸಿದ 5 ವರ್ಷದೊಳಗೆ ಕಟ್ಟಡದಲ್ಲಿ ದೋಷ ಕಂಡರೆ ಕಟ್ಟಿದವರೇ ತಮ್ಮ ಖರ್ಚಿನಲ್ಲಿ ಸರಿಪಡಿಸಬೇಕು. ಲೇಔಟು ಮಾಡಿ ಪ್ಲಾಟು ಮಾರುವವರಿಗೂ ಈ ಕಾಯಿದೆ ಅನ್ವಯಿಸುತ್ತದೆ.

ಆದರೆ ಇದರಲ್ಲಿ ನಮ್ಮಂಥ ಊರುಗಳಿಗೆ ಮುಖ್ಯವಾದ ಒಂದು ಕಿಂಡಿ ಇದೆ. ಜಾಗ 500 ಚದರ ಮೀಟರ್ ಮೀರದಿದ್ದರೆ, ಇಲ್ಲವೆ ಮನೆಗಳು 8ನ್ನು ಮೀರದಿದ್ದರೆ ನೋಂದಣಿ ಬೇಕಿಲ್ಲ. 500 ಚದರ ಮೀಟರ್ ಎಂದರೆ ಹತ್ತಿರ ಹತ್ತಿರ 5 ಗುಂಟೆ. ಬೆಂಗಳೂರಿನಲ್ಲಿ ಅದು ಸಣ್ಣದು. ವಿಜಯಪುರದಲ್ಲಿ ಐದು ಗುಂಟೆಯಲ್ಲಿ ಆರು ಮನೆ ಎಬ್ಬಿಸಿದರೆ ಅದೇ ದೊಡ್ಡ ಕಟ್ಟಡ. ಅಂಥದಕ್ಕೆ ದುಡ್ಡು ಕೊಡುವಾಗ ಈ ನೋಂದಣಿಯ ಕಾವಲು ಇರುವುದಿಲ್ಲ. ಕರಾರು ಪತ್ರ ಮತ್ತು ಕಟ್ಟುವವನ ಹಿಂದಿನ ಕೆಲಸವೇ ಕಾವಲು.

ಕಾಯಿದೆ ಇದ್ದ ಮಾತ್ರಕ್ಕೆ ಮನೆ ಎದ್ದು ನಿಲ್ಲುವುದಿಲ್ಲ ಎಂಬುದನ್ನೂ ಮರೆಯಬಾರದು. ದೆಹಲಿಯ ಪಕ್ಕದ ನೋಯ್ಡಾದಲ್ಲಿ ಅಮ್ರಪಾಲಿ ಕಂಪನಿಯ ಯೋಜನೆಗಳಲ್ಲಿ 40 ಸಾವಿರಕ್ಕೂ ಹೆಚ್ಚು ಖರೀದಿದಾರರು ದುಡ್ಡು ಕೊಟ್ಟು ವರ್ಷಗಟ್ಟಲೆ ಕಾದರು. 2019ರ ಜುಲೈನಲ್ಲಿ ಸುಪ್ರೀಂ ಕೋರ್ಟು ಆ ಕಂಪನಿಯ ನೋಂದಣಿ ರದ್ದುಮಾಡಿ, ಮನೆಗಳನ್ನು ಪೂರ್ಣಗೊಳಿಸಲು ಸರಕಾರಿ ಸಂಸ್ಥೆ ಎನ್.ಬಿ.ಸಿ.ಸಿ.ಗೆ ಒಪ್ಪಿಸಿತು. ಚೀನಾದಲ್ಲಿ ಮನೆಗಳನ್ನು ಕಟ್ಟುವ ಮುಂಚೆಯೇ ಮಾರುವುದು ಬಹಳ ರೂಢಿ. ಅಲ್ಲಿಯ ಎವರ್‌ಗ್ರಾಂಡೆ ಎಂಬ ದೈತ್ಯ ಕಂಪನಿ 2021ರಲ್ಲಿ ಸಾಲ ತೀರಿಸಲಾಗದೆ ಮುಗ್ಗರಿಸಿತು. 2022ರಲ್ಲಿ ಹಲವಾರು ಊರುಗಳ ಜನ, ಕಟ್ಟದ ಮನೆಗೆ ಕಂತು ಕಟ್ಟುವುದಿಲ್ಲವೆಂದು ಹಟ ಹಿಡಿದರು. ಬಾರಾ ಕಮಾನುಗಳು ಎಲ್ಲ ದೇಶಗಳಲ್ಲಿಯೂ ಇವೆ.

ಇಷ್ಟು ಹೇಳಿದ ಮೇಲೆ ನಾದಿನಿ ಕೇಳಿದಳು, "ಲೆಕ್ಕಾ ಹಾಕಿ ತೋರಸ್ರಿ ವೈನಿ." ಒಂದು ಉದಾಹರಣೆ ಹಾಕಿದೆವು. ಮೂರು ವರ್ಷಕ್ಕೆ ಸಿಗಲಿರುವ ಮನೆ 30 ಲಕ್ಷ, ಈಗಲೇ ಸಿಗುವ ಅಂಥದೇ ಮನೆ 34 ಲಕ್ಷ ಎಂದುಕೊಳ್ಳೋಣ. ಮೇಲ್ನೋಟಕ್ಕೆ 4 ಲಕ್ಷ ಉಳಿತಾಯ. ಕಟ್ಟುತ್ತಿರುವ ಮನೆಗೆ ಜಿ.ಎಸ್.ಟಿ. ಇದೆ. 2019ರ ಏಪ್ರಿಲ್‌ನಿಂದ, ನಮ್ಮಂಥ ಊರಿನಲ್ಲಿ 45 ಲಕ್ಷದೊಳಗಿನ ಬೆಲೆಯ, 90 ಚದರ ಮೀಟರ್ ಒಳಗಿನ ಮನೆಗೆ ನೂರಕ್ಕೆ 1, ಉಳಿದವುಗಳಿಗೆ ನೂರಕ್ಕೆ 5. ಇಲ್ಲಿ ಒಂದೇ ಎಂದರೂ 30 ಸಾವಿರ. ಪೂರ್ಣಗೊಂಡ ಪ್ರಮಾಣಪತ್ರ ಪಡೆದ ಮೇಲೆ ಕೊಂಡರೆ, ಇಲ್ಲವೆ ಹಳೆಯ ಮನೆ ಕೊಂಡರೆ ಈ ತೆರಿಗೆ ಇಲ್ಲ. ಕಾಯುವ ಮೂರು ವರ್ಷ ಮಗಳ ಓದಿಗೆ ಬಾಡಿಗೆ ಮನೆ ಬೇಕು. ತಿಂಗಳಿಗೆ 8 ಸಾವಿರದಂತೆ 36 ತಿಂಗಳಿಗೆ 2 ಲಕ್ಷ 88 ಸಾವಿರ. ಎರಡೂ ಸೇರಿ 3 ಲಕ್ಷ 18 ಸಾವಿರ. ಉಳಿದದ್ದು 82 ಸಾವಿರ. ಮನೆ ಒಂದೇ ವರ್ಷ ತಡವಾದರೂ ಬಾಡಿಗೆ 96 ಸಾವಿರ. ಅಲ್ಲಿಗೆ ಉಳಿತಾಯ ಮುಗಿಯಿತು.

ಇನ್ನೊಂದು ಪಕ್ಷವನ್ನೂ ಹೇಳಬೇಕು. ಹಳೆಯ ಮನೆಗೆ ಸಾಲ ತೆಗೆದರೆ ಪೂರ್ತಿ ಬಡ್ಡಿ ಮೊದಲ ತಿಂಗಳಿನಿಂದಲೇ. ಕಟ್ಟುವ ಮನೆಗೆ ಬ್ಯಾಂಕು ಗೋಡೆ ಎದ್ದಂತೆ ಹಣ ಬಿಡುಗಡೆ ಮಾಡುತ್ತದೆ, ಬಡ್ಡಿಯೂ ಅಷ್ಟಕ್ಕೇ. ಹಳೆಯ ಮನೆಗೆ ನಳ, ವಾಯರಿಂಗು, ಗಿಲಾಯಿ ಎಂದು ಖರ್ಚು ಬರುತ್ತದೆ. ಸ್ವಂತ ಮನೆ ಇದ್ದು, ಬಾಡಿಗೆಯ ಚಿಂತೆಯಿಲ್ಲದೆ, ಆರೇಳು ವರ್ಷ ಕಾಯುವ ಶಕ್ತಿ ಇದ್ದವರಿಗೆ ಕಟ್ಟದ ಮನೆಯಿಂದ ಲಾಭವೂ ಆಗಿದೆ. ಅಂಥವರಿಗೆ ಕಾಲ ಶತ್ರುವಲ್ಲ. ಬೋರಮಾಳ ಮಾರಿ ಕೊಡುವವಳ ಲೆಕ್ಕ ಬೇರೆ.

ಅವಳಿಗೆ ನೆಲದ ಗುಣವನ್ನೂ ಹೇಳಿದೆ. ವಿಜಯಪುರದ ಹಳೆಯ ಊರು ಕರಿಗಲ್ಲಿನ ಹಾಸಿನ ಮೇಲೆ ನಿಂತಿದೆ. ಈಗಿನ ಲೇಔಟುಗಳಲ್ಲಿ ಎಷ್ಟೋ ಎರೆ ಹೊಲಗಳಲ್ಲಿವೆ. ಡೋಣಿ ಬೆಳೆದರೆ ಓಣೆಲ್ಲ ಜೋಳ ಎಂದು ಹೆಸರಾದ ಎರೆ ಮಣ್ಣು ಬೆಳೆಗೆ ತಾಯಿ, ಪಾಯಕ್ಕೆ ಮಲತಾಯಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಗಟ್ಟಿ ನೆಲ ಸಿಗುವವರೆಗೆ ಪಾಯ ತೋಡದಿದ್ದರೆ ಗೋಡೆಯೂ ಜೊತೆಗೆ ಬಿರಿಯುತ್ತದೆ. ನಾಲ್ಕೈದು ಮಳೆಗಾಲ ಕಂಡ ಮನೆಯಲ್ಲಿ ಬಿರುಕು ಇದ್ದರೆ ಕಾಣುತ್ತದೆ. ಕಿಟಕಿಯ ಮೂಲೆ, ಬಾಗಿಲ ಮೇಲಿನ ಗೋಡೆ ನೋಡಿದರೆ ಸಾಕು. ಚಿತ್ರದಲ್ಲಿರುವ ಮನೆ ಎಂದೂ ಬಿರಿಯುವುದಿಲ್ಲ!

ಅವಳು ಮೂರು ತಿಂಗಳು ಹುಡುಕಿದಳು. ಹೊಸ ಯೋಜನೆಯ ಏಜೆಂಟನಿಗೆ ಎರಡೇ ಪ್ರಶ್ನೆ ಕೇಳಿದಳಂತೆ. ಈ ಜಾಗ ಎನ್.ಎ. ಆಗಿದೆಯೆ, ರೇರಾ ನಂಬರು ಎಷ್ಟು? ಆತ ಚಹಾ ತರಿಸಿದ, ನಂಬರು ತರಿಸಲಿಲ್ಲ. ಕೊನೆಗೆ ಊರೊಳಗೆ ಹತ್ತು ವರ್ಷದ ಹಿಂದೆ ಕಟ್ಟಿದ, ಎರಡು ಕೋಣೆಯ ಮನೆಯೊಂದು ಸಿಕ್ಕಿತು. ಮಾರುವವರು ಗಂಡ-ಹೆಂಡತಿ, ತಾವೇ ಜಾಗ ಕೊಂಡು ಕಟ್ಟಿಸಿದವರು, ಹಾಗಾಗಿ ಪಾಲುದಾರರ ತಂಟೆ ಇರಲಿಲ್ಲ. ಆದರೂ ಸಿಟಿ ಸರ್ವೆ ಉತಾರ ತೆಗೆಸಿದಳು, ಅದರಲ್ಲಿ ಬ್ಯಾಂಕಿನ ಬೋಜಾ ಇದ್ದದ್ದನ್ನು ಕಂಡು, ಸಾಲ ತೀರಿದ ಪತ್ರ ಬಂದು ಬೋಜಾ ಕಡಿಮೆಯಾಗುವವರೆಗೆ ಸಂಚಕಾರದ ಮೇಲೆ ಒಂದು ರೂಪಾಯಿ ಕೊಡಲಿಲ್ಲ. 30 ವರ್ಷದ ಋಣಭಾರ ಪತ್ರ, ಇ-ಖಾತೆ, ಮನೆಪಟ್ಟಿಯ ರಸೀದಿ ಎಲ್ಲವನ್ನೂ ವಕೀಲರಿಗೆ ತೋರಿಸಿದಳು. ಖರೀದಿ ಪತ್ರ ಅವಳ ಹೆಸರಿಗೇ ಆಯಿತು. ತೋಟದ ಉತಾರ ಗಂಡನ ಹೆಸರಲ್ಲಿದೆ, ಮನೆಯ ಉತಾರ ತನ್ನ ಹೆಸರಲ್ಲಿರಲಿ ಎಂದು ಅವಳು ಮೊದಲೇ ಹೇಳಿದ್ದಳು, ಅವನೂ ಇಲ್ಲ ಎನ್ನಲಿಲ್ಲ.

ಎಲ್ಲರಿಗೂ ಹಳೆಯ ಮನೆಯೇ ಸರಿ ಎಂದು ನಾನು ಹೇಳುತ್ತಿಲ್ಲ. ಯಾವುದನ್ನು ಕೊಂಡರೂ ಅದರೊಂದಿಗೆ ಒಂದು ಭಯವನ್ನೂ ಕೊಳ್ಳುತ್ತೇವೆ. ಹಳೆಯ ಮನೆಯ ಭಯ ಕಾಗದದಲ್ಲಿ ಬರೆದಿರುತ್ತದೆ. ತಾಳ್ಮೆಯಿಂದ ಓದಿದರೆ, ಓದಿಸಿದರೆ, ಬಹುಪಾಲು ತಿಳಿಯುತ್ತದೆ. ಕಟ್ಟದ ಮನೆಯ ಭಯ ಇನ್ನೂ ಎಲ್ಲಿಯೂ ಬರೆದಿಲ್ಲ. ಅದಕ್ಕೆ ದುಡ್ಡು ಕೊಡುವುದಾದರೆ ಗೋಡೆ ಎದ್ದಷ್ಟೇ ಕೊಡಿ, ದಿನಾಂಕ ಬರೆಸಿಕೊಂಡು ಕೊಡಿ, ಕಳೆದುಕೊಂಡರೂ ಒಲೆ ಆರದಷ್ಟೇ ಕೊಡಿ. ಎರಡರಲ್ಲಿ ಯಾವುದಾದರೂ ಆಗಲಿ, ಕೊನೆಗೆ ಕೈಗೆ ಬರುವ ಉತಾರದಲ್ಲಿ ನಿಮ್ಮ ಹೆಸರು ಇದೆಯೇ ಎಂದು ಒಮ್ಮೆ ಬೆರಳಿಟ್ಟು ನೋಡಿಕೊಳ್ಳಿ. ಮಾಳಿಗೆಗೆ ಮಣ್ಣು ಹೊತ್ತ ನಮ್ಮ ಅತ್ತೆಯರಿಗೆ, ಅಜ್ಜಿಯರಿಗೆ ಆ ಅವಕಾಶ ಇರಲಿಲ್ಲ.